ಪುಟದಗಲದ ಪರದೆ

ಕನ್ನಡ ಪುಸ್ತಕ ತೆರೆದರೆ ಮೊದಲ ಹಾಳೆಯ ಬೆನ್ನಿಗೆ, ಮುದ್ರಣದ ವರ್ಷ, ಬೆಲೆ, ಬಳಸಿದ ಕಾಗದ ಇವುಗಳ ನಡುವೆ 'ಕ್ರೌನ್ 1/8' ಇಲ್ಲವೇ 'ಡೆಮಿ 1/8' ಎಂಬ ಚಿಕ್ಕ ಸಾಲೊಂದು ಇರುತ್ತದೆ. ಓದಲು ಕೂತವರು ಅದರ ಗೊಡವೆಗೆ ಹೋಗುವುದಿಲ್ಲ. ಆದರೆ ಮನೆಗೊಂದು ಸಣ್ಣ ಟ್ಯಾಬ್ ಕೊಳ್ಳುವ ಮಾತು ಬಂದಾಗ, ಅಂಗಡಿಯವರು ಹೇಳಿದ ಅಂಕಿಗಳಿಗಿಂತ ಈ ಸಾಲೇ ನನಗೆ ಹೆಚ್ಚು ಕೆಲಸಕ್ಕೆ ಬಂತು. ಕ್ರೌನ್ 1/8 ಪುಟ ಸುಮಾರು 5 ಇಂಚು ಅಗಲ, ಏಳೂವರೆ ಇಂಚು ಉದ್ದ. ಈಗ ಪೇಟೆಯಲ್ಲಿ ಸಿಗುವ 8.7 ಇಂಚಿನ ಟ್ಯಾಬ್ ಎಂದರೆ ಆ 8.7 ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಪರದೆಯ ಅಗಲ ನಾಲ್ಕೂವರೆ ಇಂಚಿಗೆ ಕೂದಲೆಳೆಯಷ್ಟು ಕಡಿಮೆ, ಉದ್ದ ಹೆಚ್ಚುಕಡಿಮೆ ಏಳೂವರೆ. ಪುಸ್ತಕದ ನಾಲ್ಕೂ ಕಡೆ ಬಿಟ್ಟ ಖಾಲಿ ಅಂಚನ್ನು ತೆಗೆದುಹಾಕಿದರೆ ಅಚ್ಚಾದ ಭಾಗ ಆ ಪರದೆಯೊಳಗೆ ಇಡಿಯಾಗಿ ಕೂಡುತ್ತದೆ, ಅಕ್ಷರ ಕಾಗದದ ಮೇಲಿದ್ದಷ್ಟೇ ದೊಡ್ಡದಾಗಿ. ಶಿವರಾಮ ಕಾರಂತರ ಕಾದಂಬರಿಯ ಹಳೆಯ ಮುದ್ರಣ ಕೈಯಲ್ಲಿ ಹಿಡಿದಂತೆಯೇ ಹಿಡಿದು ಓದಬಹುದು. ನಾನು ಟ್ಯಾಬ್ ಬಯಸಿದ್ದು ಇದಕ್ಕಾಗಿ.

ನಮ್ಮ ಉಟಗಿ ಜತ್ತ ತಾಲೂಕಿನ ಹಳ್ಳಿ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಹೊಲದ ದಾಖಲೆಯಾದ ಸಾತಬಾರಾ ಉತಾರ ಮರಾಠಿಯಲ್ಲಿ ಬರುತ್ತದೆ. ಅದೇ ಹೊಲದಲ್ಲಿ ಕಳೆ ತೆಗೆಯುವಾಗ ಹಾಡು ಕನ್ನಡದಲ್ಲಿ ಏಳುತ್ತದೆ. ಎರಡೂ ನಮ್ಮವೇ, ಅದರಲ್ಲಿ ತಂಟೆಯಿಲ್ಲ. ಕೊರತೆ ಇರುವುದು ಓದುವ ಕನ್ನಡಕ್ಕೆ. ಹೊಸ ಕಾದಂಬರಿ ಬೇಕೆಂದರೆ ವಿಜಯಪುರದ ಹಾದಿ ಹಿಡಿಯಬೇಕು. ಹಳೆಯದು ಬೇಕೆಂದರೆ ಅಲ್ಲಿಯೂ ಸಿಗುವ ಖಾತ್ರಿಯಿಲ್ಲ. ಇಂಥಲ್ಲಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಣ್ಯವಂತರು ಸ್ಕ್ಯಾನ್ ಮಾಡಿ ಇಟ್ಟ ಸಾವಿರಾರು ಕನ್ನಡ ಪುಸ್ತಕಗಳು, ವಚನ ಸಂಚಯ ಜಾಲತಾಣದಲ್ಲಿ ಹುಡುಕಿದ ಕ್ಷಣಕ್ಕೆ ಸಿಗುವ ವಚನಗಳು ನಮ್ಮಂಥ ಗಡಿಯವರ ಪಾಲಿಗೆ ದೊಡ್ಡ ಆಸ್ತಿ. ನಾಡಿನ ಒಳಗಿನವರಿಗಿಂತ ಒಂದು ತೂಕ ಹೆಚ್ಚೇ ನಮಗೆ ಅದರ ಬೆಲೆ ಗೊತ್ತು.

ಅದನ್ನೆಲ್ಲ ಫೋನಿನಲ್ಲಿ ಓದಬಹುದಲ್ಲ ಎನ್ನುವವರಿದ್ದಾರೆ. ಸುದ್ದಿ ಓದಬಹುದು, ಸಂದೇಶ ಓದಬಹುದು. ಸ್ಕ್ಯಾನ್ ಮಾಡಿದ ಪುಸ್ತಕ ಓದಲಾಗದು. ಟೈಪು ಮಾಡಿದ ಪಠ್ಯವಾದರೆ ಅಕ್ಷರ ದಪ್ಪ ಮಾಡಿದಂತೆ ಸಾಲು ತಾನೇ ಮುರಿದು ಕೆಳಗಿಳಿಯುತ್ತದೆ. ಸ್ಕ್ಯಾನ್ ಪ್ರತಿ ಎಂದರೆ ಪುಟದ ಫೋಟೊ. ಅದರಲ್ಲಿ ಸಾಲು ಮುರಿಯುವುದಿಲ್ಲ. ಆರೂವರೆ ಇಂಚಿನ ಫೋನಿನ ಅಗಲ ಎರಡೂಮುಕ್ಕಾಲು ಇಂಚೂ ಇರುವುದಿಲ್ಲ, ಐದು ಇಂಚಿನ ಪುಟ ಅದರಲ್ಲಿ ಅರ್ಧಕ್ಕೆ ಕುಗ್ಗುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು. ಹಾಗೆ ಎಳೆದಾಡುತ್ತ ಓದಿದ ಕತೆಯಲ್ಲಿ ಕತೆಯ ಲಯ ಉಳಿಯುವುದಿಲ್ಲ.

ಅಗ್ಗದ ಟ್ಯಾಬ್ ಎಂಬ ಆಸೆ ನಮ್ಮ ದೇಶದಲ್ಲಿ ಹಳೆಯದು. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು 'ಆಕಾಶ್' ಟ್ಯಾಬ್ ಬಿಡುಗಡೆ ಮಾಡಿದಾಗ ಶಾಲೆ ಕಾಲೇಜುಗಳಲ್ಲಿ ಅದೇ ಮಾತು. ಏಳು ಇಂಚಿನ ಪರದೆ, ಸರಕಾರಕ್ಕೆ ಬಿದ್ದ ದರ ಎರಡು ಸಾವಿರದ ಚಿಲ್ಲರೆ ರೂಪಾಯಿ. ಆದರೆ ಅದರ ಪರದೆ ಬೆರಳು ಒತ್ತಿದರಷ್ಟೇ ಕೇಳುವ ಜಾತಿಯದು, 256 ಎಂಬಿ ರ್‍ಯಾಮ್, ಒಳಗಿದ್ದದ್ದು ಆಂಡ್ರಾಯ್ಡ್ 2.2. ಆ ಆಂಡ್ರಾಯ್ಡ್‌ಗೆ ಕನ್ನಡ ಬರುತ್ತಿರಲಿಲ್ಲ; ಅಕ್ಷರವಿರಬೇಕಾದ ಕಡೆ ಖಾಲಿ ಚೌಕಗಳು ನಿಲ್ಲುತ್ತಿದ್ದವು. ಕನ್ನಡವನ್ನು ಸರಿಯಾಗಿ ಮೂಡಿಸುವ ಶಕ್ತಿ ಬಂದದ್ದು ಮರುವರ್ಷ, 4.1ನೇ ಆವೃತ್ತಿಯಲ್ಲಿ. 2014ರ 5.0 ಬಂದ ಮೇಲೆ ಸಾಧನದ ಆದೇಶಗಳನ್ನೂ ಕನ್ನಡಕ್ಕೆ ತಿರುಗಿಸಿಕೊಳ್ಳುವ ಅನುಕೂಲವಾಯಿತು. ಓದುವುದಕ್ಕೆಂದೇ ಮಾಡಿದ ಕಿಂಡಲ್ 2016ರ ಡಿಸೆಂಬರ್‌ನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ನಮ್ಮ ಓಣಿಯಲ್ಲಿ ಮರಾಠಿ ಓದುವ ಗೆಳೆಯನಿಗೆ ಬಾಗಿಲು ತೆರೆಯಿತು, ಪಕ್ಕದ ಮನೆಯ ನನಗೆ ತೆರೆಯಲಿಲ್ಲ. ಆ ನೋವು ಈಗಲೂ ಇದೆ. ಸಾದಾ ಟ್ಯಾಬ್‌ನಲ್ಲಿ ಈ ಪಂಕ್ತಿಭೇದವಿಲ್ಲ ಎನ್ನುವುದು ಅದರ ದೊಡ್ಡ ಗುಣ.

ಇನ್ನು ಪೇಟೆಯ ಮಾತು. ಸಣ್ಣ ಟ್ಯಾಬ್‌ಗಳಲ್ಲಿ ಎತ್ತರದ ಪೀಠದ್ದು ಐಪ್ಯಾಡ್ ಮಿನಿ. 8.3 ಇಂಚು, ಇಂಚಿಗೆ 326 ಚುಕ್ಕೆ, ಅಚ್ಚಿನ ಅಕ್ಷರಕ್ಕೆ ಸರಿಸಮ. 2024ರಲ್ಲಿ ಬಂದ ಮಾದರಿಯ ಬೆಲೆ ಆಗ 49,900 ರೂಪಾಯಿ ಇತ್ತು. ಅಷ್ಟು ದುಡ್ಡಿಗೆ ಮನೆಗೊಂದು ಆಕಳು ಬರುತ್ತದೆ, ಅದರ ಮಾತು ಬೇಡ. ನಮ್ಮ ಕೈಗೆಟಕುವ ದರದಲ್ಲಿ ಕಂಡದ್ದು ಎರಡು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9, 2023ರಲ್ಲಿ ಸುಮಾರು 13 ಸಾವಿರಕ್ಕೆ ಬಂದದ್ದು. ಸಿಮ್ ಹಾಕುವ ಮಾದರಿಗೆ ಇನ್ನೂ ಮೂರು ಸಾವಿರ ಮೇಲೆ. ಮತ್ತೊಂದು 2024ರಲ್ಲಿ 11 ಸಾವಿರಕ್ಕೆ ಬಂದ ರೆಡ್ಮಿ ಪ್ಯಾಡ್ ಎಸ್‌ಇಯ 4ಜಿ ಮಾದರಿ, ಅದರಲ್ಲಿ ಸಿಮ್ ಹಾಕುವ ಜಾಗ ಮೊದಲೇ ಸೇರಿದೆ. ಎರಡರದ್ದೂ 8.7 ಇಂಚಿನ ಪರದೆ, ಎರಡರಲ್ಲೂ 1340 ಅಡ್ಡ 800 ಚುಕ್ಕೆ, ಮೆಮೊರಿ ಕಾರ್ಡಿಗೆ ಜಾಗ ಎರಡರಲ್ಲೂ ಇದೆ. ಸ್ಯಾಮ್‌ಸಂಗ್‌ನ ಪ್ರೊಸೆಸರ್ ಚುರುಕು, ತೂಕವೂ ಹಗುರ: 332 ಗ್ರಾಂ. ರೆಡ್ಮಿಯದು ಬ್ಯಾಟರಿ ದೊಡ್ಡದು: 5100ಕ್ಕೆ ಎದುರಾಗಿ 6650 ಎಂಎಎಚ್.

ಅಂಗಡಿಯ ಹುಡುಗ ಒಳ್ಳೆಯವನು. ಪೆಟ್ಟಿಗೆ ಬಿಚ್ಚಿ, ಒರೆಸಿ, ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟ.

"ಗುರೂಜಿ, ಇದ್ರಾಗ ಗೇಮ್ ಭಾಳ ಸ್ಪೀಡ್ ಓಡ್ತಾವ್ರಿ."

"ಗೇಮ್ ಇರ್ಲಿ ತಮ್ಮಾ, ನನ್ನ ಪುಸ್ತಕ ಓಡ್ತೈತೇನು ನೋಡೂಣು."

ಕಾರ್ಡಿನಲ್ಲಿ ಒಯ್ದಿದ್ದ ಸ್ಕ್ಯಾನ್ ಪ್ರತಿಯನ್ನು ಎರಡರಲ್ಲೂ ತೆರೆಸಿದೆ. ಇಲ್ಲಿ ಓದುಗರು ಸ್ವಲ್ಪ ಸಮಾಧಾನದಿಂದ ನನ್ನ ಜೊತೆ ನಿಲ್ಲಬೇಕು. ಈ ದರದ ಪರದೆಗಳಲ್ಲಿ ಇಂಚಿಗೆ ಸುಮಾರು 180 ಚುಕ್ಕೆ ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕು. ಅದರ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ, ಕೊಂಬು ಬಲಕ್ಕೆ. 'ಸ್ತ್ರೀ' ಎಂಬ ಒಂದಕ್ಷರದಲ್ಲಿ ಸಕಾರದಡಿ ತಕಾರದ ಒತ್ತು, ಅದಕ್ಕೆ ತಗುಲಿ ರಕಾರದ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಚುಕ್ಕೆ ಕಡಿಮೆಯಾದರೆ ಮೊದಲು ಕರಗುವುದು ಈ ಒತ್ತುಗಳೇ. 'ಥ'ದ ಹೊಟ್ಟೆಯೊಳಗಿನ ಬೊಟ್ಟು, 'ಧ'ದ ಕೆಳಗಿನ ಸೀಳು ಆಮೇಲೆ ಮಸುಕಾಗುತ್ತವೆ. ಅಂಗಡಿಯಲ್ಲಿ ನಾನು ಹುಡುಕಿದ್ದು ಈ ಬೊಟ್ಟು, ಈ ಸೀಳು. ಅಂಚು ತೆಗೆದು ಪುಟವನ್ನು ಪರದೆಯಗಲಕ್ಕೆ ಹಿಗ್ಗಿಸಿದಾಗ ಎರಡರಲ್ಲೂ ಅವು ನಿಚ್ಚಳವಾಗಿ ಕಂಡವು. ಹಾಗೇ ಬಿಟ್ಟಾಗ ಎರಡರಲ್ಲೂ ಮಂಕಾದವು. ಅಂಚು ಕತ್ತರಿಸುವ ಆಯ್ಕೆ ಇರುವ ಓದುವ ಆ್ಯಪ್ ಇದ್ದರೆ ಹನ್ನೊಂದು ಸಾವಿರದ ಪರದೆಯೂ ಕನ್ನಡಕ್ಕೆ ಸಾಕು. ಸ್ಯಾಮ್‌ಸಂಗ್‌ನಲ್ಲಿ ಪುಟ ತಿರುವಿದೊಡನೆ ಬರುತ್ತಿತ್ತು, ರೆಡ್ಮಿಯಲ್ಲಿ ಒಂದು ಕ್ಷಣ ಬಿಳಿದಾಗಿ ನಿಂತು ಬರುತ್ತಿತ್ತು. ಪುಟ ತಿರುವುವಾಗ ಒಂದು ಕ್ಷಣ ತಡವಾದರೆ ಓದುವವನಿಗೆ ನಷ್ಟವೇನಿಲ್ಲ. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿಗೆ ದೊಡ್ಡ ಬ್ಯಾಟರಿ ಲೇಸು. ರೆಡ್ಮಿಯನ್ನೇ ತಂದೆ.

ಸಿಮ್ ಬೇಕೇ ಬೇಡವೇ ಎಂಬ ಚರ್ಚೆ ಮನೆಯಲ್ಲಿ ನಡೆದಿತ್ತು. ವೈಫೈ ಮಾತ್ರ ಇರುವುದು ಅಗ್ಗ, ಮಗನ ಫೋನಿನ ಹಾಟ್‌ಸ್ಪಾಟ್ ಇದೆಯಲ್ಲ ಎಂದು ಸೊಸೆ ಹೇಳಿದಳು. ಆದರೆ ಮಗನ ಫೋನು ಮಗನ ಜೊತೆ ತೋಟಕ್ಕೆ ಹೋಗುತ್ತದೆ. ಮಧ್ಯಾಹ್ನ ಮನೆಯಲ್ಲಿ ಉಳಿಯುವವರು ಅವ್ವ ಮತ್ತು ನಾನು, ಸಂಜೆಗೆ ಶಾಲೆಯಿಂದ ಬರುವ ಮೊಮ್ಮಗ. ಮನೆಯಲ್ಲಿರುವವರ ಸಾಧನಕ್ಕೆ ಅದರದೇ ಸಿಮ್ ಇರಬೇಕು. ಹೊಲದ ಕೆಲಸಕ್ಕೆ ಮಾತ್ರ ಟ್ಯಾಬ್ ಸಲ್ಲದು. 2021ರಿಂದ ಮಹಾರಾಷ್ಟ್ರದಲ್ಲಿ ಈ-ಪೀಕ ಪಾಹಣಿ ಬಂದ ಮೇಲೆ ಬೆಳೆಯನ್ನು ರೈತನೇ ಹೊಲದಲ್ಲಿ ನಿಂತು ಫೋಟೊ ತೆಗೆದು ನೋಂದಾಯಿಸಬೇಕಲ್ಲ, ಆ ಬಿಸಿಲಿನಲ್ಲಿ ಈ ದರದ ಪರದೆ ಕಣ್ಣಿಗೆ ಕಾಣುವುದೇ ಇಲ್ಲ. ಹೊಲಕ್ಕೆ ಫೋನು, ಕಟ್ಟೆಗೆ ಟ್ಯಾಬ್ ಎಂದು ನಮ್ಮಲ್ಲಿ ಪಾಲಾಗಿದೆ.

ಮೊಮ್ಮಗ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋಗುತ್ತಾನೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಮಾಡುತ್ತದೆ, ಪಿಡಿಎಫ್ ಪ್ರತಿಯನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಆ ಪುಟಗಳು ದೊಡ್ಡವು. ಟ್ಯಾಬ್ ಅಡ್ಡ ಹಿಡಿದು ಅರ್ಧರ್ಧ ಪುಟ ಓದಿದರೆ ಸರಿಹೋಗುತ್ತದೆ. ಪಠ್ಯದ ಪುಟದಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಅದರ ಹಿಂದೆ ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಪರಿತೇವಾಡಿ ಶಾಲೆಯಲ್ಲಿದ್ದ ರಣಜಿತಸಿಂಹ ಡಿಸಲೆ ಗುರೂಜಿಯವರ ಶ್ರಮವಿದೆ. 2020ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರಶಸ್ತಿ ಬಂದಾಗ ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಪಾಠ ಹೇಳಿದ ಯಾರಿಗಾದರೂ ಅದು ಎದೆಯುಬ್ಬುವ ಸಂಗತಿ. ಹುಡುಗ ಪುಸ್ತಕ ಬಿಚ್ಚಿಟ್ಟು, ಟ್ಯಾಬಿನ ಕ್ಯಾಮೆರಾ ಕೋಡಿನ ಮೇಲೆ ಹಿಡಿದು, ಪಾಠ ತೆರೆದುಕೊಂಡಾಗ ನನಗೆ ಪ್ರತಿಸಲ ಸಂತೋಷವಾಗುತ್ತದೆ.

ಟ್ಯಾಬ್ ಬಂದ ಹೊಸತರಲ್ಲಿ ಅವ್ವ ಅದರಲ್ಲಿ ಕೇಳುತ್ತಿದ್ದದ್ದು ವಿಜಯಪುರದ ಸಿದ್ಧೇಶ್ವರ ಅಪ್ಪಗಳ ಪ್ರವಚನ ಒಂದೇ. ಅವರು ಲಿಂಗೈಕ್ಯರಾದ ಮೇಲೆ ಆ ದನಿ ಆಕೆಗೆ ಇನ್ನೂ ಬೇಕಾಗಿದೆ. ಒಂದು ಮಧ್ಯಾಹ್ನ ನಾನು 'ಗರತಿಯ ಹಾಡು' ತೆರೆದು ಕೂತಿದ್ದೆ. ಭೀಮೆಯ ಸೀಮೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದನ್ನು ಕೂಡಿಸಿ ಕೊಟ್ಟ ಹಾಡುಗಳ ಪುಸ್ತಕ, 1931ರದು. ಹಲಸಂಗಿ ನಮಗೆ ದೂರದ ಊರಲ್ಲ. ಆ ನುಡಿ ನಮ್ಮ ನುಡಿ. ನಾನು ಒಂದು ತ್ರಿಪದಿ ಗಟ್ಟಿಯಾಗಿ ಓದಿದೆ. ಅವ್ವ ಒಳಗಿನಿಂದ ಅದರ ಮುಂದಿನದನ್ನು ಹಾಡಿದಳು. ಪುಸ್ತಕದಲ್ಲಿದ್ದದ್ದು ಬೇರೆ, ಅವ್ವ ಹಾಡಿದ್ದು ಬೇರೆ.

"ಹಂಗಲ್ಲೋ ತಮ್ಮಾ, ನಮ್ಮ ಕಡೆ ಹಿಂಗ ಅಂತಾರ," ಎಂದು ಬಂದು ಪಕ್ಕಕ್ಕೆ ಕೂತಳು. "ಅಕ್ಷರ ಇಷ್ಟ ಸಣ್ಣ ಯಾಕ ಇಟ್ಟಿ? ದಪ್ಪ ಮಾಡು."

ಮಾಡಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. ಬೆರಳು ತಾಗಿ ಪುಟ ಮುಂದಕ್ಕೆ ಹೋದರೆ ಸಿಟ್ಟಾಗುತ್ತಾಳೆ. ಈಗ ತೊಟ್ಟಿಲ ಹಾಡಿನ ಭಾಗದಲ್ಲಿದ್ದಾಳೆ. ತನಗೆ ಗೊತ್ತಿರುವ ಪಾಠ ಬೇರೆಯಾದ ಕಡೆ ನಿಂತು ಹಾಡಿ ತೋರಿಸುತ್ತಾಳೆ, ಅದನ್ನು ನಾನು ಆ ಟ್ಯಾಬಿನಲ್ಲೇ ರೆಕಾರ್ಡ್ ಮಾಡಿಡುತ್ತೇನೆ. ಹನ್ನೊಂದು ಸಾವಿರ ರೂಪಾಯಿಗೆ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸಲಾರೆ.

ಗಡಿಭಾಗದ ನನ್ನ ಓದುಗರಲ್ಲಿ ಒಂದು ಬಿನ್ನಹ. ಟ್ಯಾಬ್ ಕೊಳ್ಳಲು ಹೊರಟಾಗ ಮೆಮೊರಿ ಕಾರ್ಡಿನಲ್ಲಿ ನಿಮಗೆ ಇಷ್ಟವಾದ ಒಂದು ಹಳೆಯ ಕನ್ನಡ ಪುಸ್ತಕ ಹಾಕಿಕೊಂಡು ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅಂಗಡಿಯಲ್ಲೇ ಆ ಪುಸ್ತಕ ತೆರೆಸಿ, ಅಂಚು ತೆಗೆಸಿ, ಅವರ ಕೈಗೆ ಕೊಡಿ. ಒತ್ತಕ್ಷರ ಅವರ ಕಣ್ಣಿಗೆ ಹತ್ತಿದರೆ ದುಡ್ಡು ಎಣಿಸಿ, ಹತ್ತದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.