ತಂಗಡಿ ಗಿಡ

ತಂಗಡಿ ಅವರೆ, ತೊಗರಿ, ಹುಣಸೆಗಳ ಕುಟುಂಬಕ್ಕೆ ಸೇರಿದ ದೇಶೀ ಪೊದೆ. ಆವರಿಕೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. 1753ರಲ್ಲಿ ಲಿನ್ನೇಯಸ್ ಇದನ್ನು ಕ್ಯಾಸಿಯಾ ಕುಲಕ್ಕೆ ಸೇರಿಸಿದ್ದ. ಸೆನ್ನಾಕ್ಕೆ ತಂದವನು ರಾಕ್ಸ್‌ಬರ್ಗ್. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಮಸಾರಿ ನೆಲ, ಕಲ್ಲುಗುಡ್ಡ, ಹೊಲದ ಬದುಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಹಗರಿಬೊಮ್ಮನಹಳ್ಳಿಯ ದಾರಿಬದಿಯಲ್ಲೂ ಕಾಣಸಿಗುತ್ತದೆ. ಕುರಿ, ಮೇಕೆಗಳು ಸಾಮಾನ್ಯವಾಗಿ ಬಾಯಿ ಹಾಕದ ಕಾರಣ ಎಲ್ಲ ಮೇದು ಮುಗಿದ ಗೋಮಾಳದಲ್ಲೂ ಹಸಿರಾಗಿ ಉಳಿಯುತ್ತದೆ.

ಆಳೆತ್ತರದ ಗಿಡ, ಕಂದು ತೊಗಟೆ. ಒಂದು ಕಡ್ಡಿಗೆ ಎಂಟರಿಂದ ಹನ್ನೆರಡು ಜೊತೆ ಎಲೆಗಳು, ಕಡ್ಡಿಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟೆಲೆ. ಕಾಯಿ ಚಪ್ಪಟೆ, ಕಾಗದದಷ್ಟು ತೆಳು.

ಹೂವನ್ನು ಮಾತ್ರ ಹತ್ತಿರ ಹಿಡಿದೇ ನೋಡಬೇಕು. ಅವರೆ ಹೂವಿನ ದೋಣಿಯಂಥ ಕಟ್ಟು ಇದಕ್ಕಿಲ್ಲ. ಐದು ಹಳದಿ ಎಸಳು ಬಿಚ್ಚಿಕೊಂಡಿರುತ್ತವೆ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಮಕರಂದವಂತೂ ಇಲ್ಲವೇ ಇಲ್ಲ. ಬಂದವರಿಗೆ ಪರಾಗವೇ ಊಟ. ಆ ಪರಾಗವೂ ಸುಲಭಕ್ಕೆ ದಕ್ಕದು. ಕೇಸರದ ಚೀಲ ಉದ್ದಕ್ಕೆ ಸೀಳದೆ ತುದಿಯ ಸಣ್ಣ ರಂಧ್ರದಲ್ಲಷ್ಟೇ ತೆರೆಯುತ್ತದೆ. ಮರ ಕೊರೆದು ಗೂಡು ಮಾಡುವ ದಪ್ಪ ಕರಿದುಂಬಿ ಕೇಸರಗಳನ್ನು ತಬ್ಬಿ, ರೆಕ್ಕೆ ಅಲುಗಿಸದೆ ಎದೆಯ ಸ್ನಾಯುಗಳನ್ನಷ್ಟೇ ನಡುಗಿಸಿ ಝೇಂಕರಿಸುತ್ತದೆ. ಆ ಕಂಪನಕ್ಕೆ ಪರಾಗ ಪುಸ್ಸೆಂದು ಚಿಮ್ಮಿ ದುಂಬಿಯ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಜೇನ್ನೊಣಕ್ಕೆ ಈ ವಿದ್ಯೆ ಬಾರದು. ಇಷ್ಟೊಂದು ವ್ಯವಹಾರ ನಡೆಯುವ ನೆಲವನ್ನು ಏನೂ ಇಲ್ಲದ ಬಯಲೆಂದು ಬಗೆದು, ಜೆಸಿಬಿ ಬಿಟ್ಟು ಬೇರುಸಹಿತ ಕಿತ್ತು, ಅದೇ ಗುಂಡಿಯಲ್ಲಿ ಸಸಿ ನೆಟ್ಟು ಹಸಿರೀಕರಣವೆನ್ನುವುದು ದೊಡ್ಡ ಅನ್ಯಾಯ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಲ್ಲದೆ ಆ ಸಸಿಗಳು ಬದುಕುವುದು ಕಷ್ಟ. ತಂಗಡಿಗೆ ಯಾರೂ ನೀರೆರೆದದ್ದಿಲ್ಲ.

ಹೂವೆಂದರೆ ಈ ಸೀಮೆಯಲ್ಲಿ ಹಡಗಲಿ ಮಲ್ಲಿಗೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಮಲ್ಲಿಗೆಗೆ ತೋಟವಿದೆ, ದರವಿದೆ, ಬೆಳಗಿನ ಬಸ್ಸಿದೆ. ತಂಗಡಿ ಹೂವಿಗೆ ಇಲ್ಲಿ ಅಂಥ ಮಾರುಕಟ್ಟೆಯಿಲ್ಲ. ಪಕ್ಕದ ತೆಲಂಗಾಣದಲ್ಲಿ ಅದೇ ರಾಜ್ಯಪುಷ್ಪ, ಬತುಕಮ್ಮ ಹಬ್ಬದ ಹೂರಾಶಿಯಲ್ಲಿ ಅದಕ್ಕೆ ಮುಖ್ಯ ಸ್ಥಾನ.

ಒಂದು ಕಾಲಕ್ಕೆ ಇದರ ತೊಗಟೆಗೆ ದಕ್ಷಿಣ ಭಾರತದ ಚರ್ಮೋದ್ಯಮದಲ್ಲಿ ಭಾರಿ ಬೇಡಿಕೆಯಿತ್ತು. ತೊಗಟೆಯ ಟ್ಯಾನಿನ್ ಹಸಿ ತೊಗಲನ್ನು ಕೊಳೆಯದಂತೆ ಹದಗೊಳಿಸುತ್ತದೆ. ಆಮದಾದ ವ್ಯಾಟಲ್ ತೊಗಟೆ, ಆಮೇಲೆ ಕ್ರೋಮಿಯಂ ಲವಣ ಬಂದು ಆ ಬೇಡಿಕೆ ಇಳಿಯಿತು. ಸೊಪ್ಪನ್ನು ಗದ್ದೆಗೆ ಹಸಿರುಗೊಬ್ಬರವಾಗಿ ತುಳಿಯುತ್ತಾರೆ. ಎಳೆ ಕಡ್ಡಿ ಹಲ್ಲುಜ್ಜಲು ಬಳಕೆಯಾಗುತ್ತದೆ. ಒಣಗಿದ ಹೂವಿನ ಕಷಾಯ ಮನೆಮದ್ದು.

ಬದುವಿಗೆ ಹಾಕಬಯಸುವವರಿಗೆ ನರ್ಸರಿ ಬೇಕಿಲ್ಲ. ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿಗೆ ತುಸು ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ, ಮಳೆಗಾಲದ ಹದಕ್ಕೆ ಬಿತ್ತಿದರೆ ಸಾಕು.