ಶಯ್ಯಾವಿಚಾರ

ಸಂಸ್ಕೃತದಲ್ಲಿ ‘ಖಟ್ವಾರೂಢ’ ಎಂಬುದೊಂದು ಶಬ್ದವುಂಟು. ಮಂಚವನ್ನೇರಿದವನು ಎಂದು ಅದರ ಅಕ್ಷರಾರ್ಥ. ಆದರೆ ಪಾಣಿನಿಯು ಈ ಸಮಾಸವನ್ನು ನಿಂದೆಯ ಅರ್ಥದಲ್ಲಿ ಮಾತ್ರವೇ ಸಾಧಿಸಿದ್ದಾನೆ. ಅಧ್ಯಯನವನ್ನು ಮುಗಿಸಿ, ಸ್ನಾನವನ್ನು ಮಾಡಿ, ಗುರುವಿನ ಅಪ್ಪಣೆಯನ್ನು ಪಡೆದ ತರುವಾಯವೇ ಶಿಷ್ಯನು ಮಂಚವನ್ನು ಏರತಕ್ಕದ್ದೆಂದು ಆ ಕಾಲದ ನಿಯಮ. ಅದಕ್ಕೆ ಮೊದಲೇ ಏರಿದವನು ಖಟ್ವಾರೂಢನೆಂದು, ಎಂದರೆ ನಡತೆಗೆಟ್ಟವನೆಂದು, ಬೈಸಿಕೊಳ್ಳುತ್ತಿದ್ದನು. ಮೂವತ್ತಕ್ಕೂ ಹೆಚ್ಚು ವರ್ಷ ಬಾಲಕರಿಗೆ ಪಾಠ ಹೇಳಿದ ನನಗೆ, ಈ ಶಬ್ದ ಬಂದಾಗಲೆಲ್ಲ ತರಗತಿಯಲ್ಲಿ ಏಳುತ್ತಿದ್ದ ನಗು ಚೆನ್ನಾಗಿ ನೆನಪಿದೆ. ನಗತಕ್ಕ ಮಾತೇ ಸರಿ. ಆದರೂ ಇದರಿಂದ ಒಂದು ಸಂಗತಿ ಸ್ಪಷ್ಟವಾಗುವುದು: ಮಂಚವು ಮಲಗುವುದಕ್ಕೆ ಸಾಧನವಾಗಿರುವಂತೆಯೇ ಅಂತಸ್ತಿನ ಗುರುತೂ ಆಗಿತ್ತು.

ಈ ಅಂತಸ್ತಿನ ಲೆಕ್ಕವು ಗುರುಕುಲಗಳೊಡನೆ ಮುಗಿದುಹೋಗಲಿಲ್ಲ. ೧೯೭೦ರ ದಶಕದಲ್ಲಿ ನಾವು ರಾಜಾಜಿನಗರದ ಎರಡು ಕೋಣೆಯ ಬಾಡಿಗೆ ಮನೆಯೊಂದರಲ್ಲಿ ಇದ್ದೆವು. ಮನೆಗೆಲ್ಲ ಒಂದೇ ಮಂಚ, ಅದು ತಂದೆಯವರದು. ಬೀಗರೋ ಅಳಿಯಂದಿರೋ ಬಂದರೆ ಅವರಿಗೆ ಬಿಟ್ಟುಕೊಡತಕ್ಕದ್ದು. ಮಕ್ಕಳಾದ ನಮಗೆ ಜಮಖಾನದ ಮೇಲೆ ಅರಳೆಯ ಹಾಸಿಗೆ. ತಾಯಿಯವರು ಅಡಿಗೆಮನೆಯ ಹೊಸ್ತಿಲ ಬಳಿ, ಕೆಂಪು ಗಾರೆಯ ನೆಲದ ಮೇಲೆ, ಈಚಲ ಚಾಪೆಯೊಂದನ್ನು ಬಿಡಿಸಿ, ಹಳೆಯ ಸೀರೆಯನ್ನು ಹೊದ್ದು ಮಲಗುವರು. ಎಲ್ಲರಿಗಿಂತ ಕಡೆಗೆ ಮಲಗಿ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಏಳುವವರೂ ಅವರೇ. ಬೀದಿಯ ಯಾವ ಮನೆಯಲ್ಲಿಯೂ ಏರ್ಪಾಡು ಬೇರೆಯಾಗಿರಲಿಲ್ಲ. ಐವತ್ತು ವರ್ಷ ತುಂಬುವುದರೊಳಗಾಗಿ ಅವರು ಬಾಗಿಲ ಚೌಕಟ್ಟನ್ನು ಹಿಡಿಯದೆ ನೆಲದಿಂದ ಏಳಲಾರದವರಾದರು.

ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು, ಎಂದರೆ ಆಧಾರದ ಕಂಬಗಳೆಂದು, ಎಣಿಸಿದೆ. ಸುಖದುಃಖಗಳೂ ಪುಷ್ಟಿಕಾರ್ಶ್ಯಗಳೂ ನಿದ್ರೆಯನ್ನು ಅವಲಂಬಿಸಿವೆಯೆಂದು ಅಲ್ಲಿಯೇ ಬೇರೊಂದೆಡೆ ಹೇಳಿದೆ. ಇದು ಪುರುಷರಿಗೆ ಮಾತ್ರ ಅನ್ವಯಿಸುವ ಮಾತೆಂದು ಯಾರೂ ವಾದಿಸಲಾರರು. ಹಾಗಿರಲು, ಮನೆಯೊಳಗೆ ಹೆಚ್ಚು ದುಡಿದು ಕಡಮೆ ನಿದ್ರಿಸುವ ಗೃಹಿಣಿಗೆ ಉಳಿದುದರಲ್ಲಿ ಉಳಿದ ಹಾಸಿಗೆಯು ದೊರೆಯುವುದು ನ್ಯಾಯವೇ ಎಂಬುದನ್ನು ವಾಚಕ ಮಹಾಶಯರು ಆಲೋಚಿಸಬೇಕು. ಹಾಸಿಗೆಯ ಆಯ್ಕೆಯನ್ನು ಅವಳಿಂದ ಪ್ರಾರಂಭಿಸಿದರೆ ಮಿಕ್ಕವರ ಆಯ್ಕೆಯೂ ತಾನಾಗಿ ನೆಟ್ಟಗಾಗುವುದೆಂದು ನನ್ನ ಅನುಭವ.

ನಾನು ಕೆಲಸದಿಂದ ನಿವೃತ್ತನಾದ ವರ್ಷ ಬಸವೇಶ್ವರನಗರದ ನಮ್ಮ ಮನೆಗೆ ಹೊಸ ಹಾಸಿಗೆಗಳನ್ನು ಕೊಳ್ಳಬೇಕಾಯಿತು. ನನ್ನ ಮನೆಯವರನ್ನೂ ಸೊಸೆಯನ್ನೂ ಕರೆದುಕೊಂಡು ಮಾಗಡಿ ರಸ್ತೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಒಂದು ಅಡಿ ದಪ್ಪದ ಹಾಸಿಗೆಯನ್ನು ತೋರಿಸಿ, “ಮಲಗಿ ನೋಡಿ ಅಮ್ಮ” ಎಂದರು. ನನ್ನಾಕೆ ಹಿಂದೆ ಸರಿದು, “ನೀವೇ ಮಲಗಿ ನೋಡೀಂದ್ರೆ. ನಿಮಗೆ ಹಿಡಿಸಿದರೆ ಆಯಿತು. ನನಗೆ ಯಾವುದಾದರೂ ನಡೆಯುತ್ತೆ” ಎಂದಳು. ಸೊಸೆಯು ಬಿಡಲಿಲ್ಲ. “ಯಾವುದಾದರೂ ನಡೆಯುತ್ತೆ ಅಂದರೆ ಹೇಗೆ ಅತ್ತೆ? ಬೆಳಗ್ಗೆ ಸೊಂಟ ಹಿಡಿದುಕೊಂಡು ಏಳುವವರು ನೀವು. ಚಪ್ಪಲಿ ಬಿಟ್ಟು ಮಲಗಿ” ಎಂದಳು. ಅಂಗಡಿಯವರು ಸೂಕ್ಷ್ಮ ಬಲ್ಲವರು. ಏನೋ ಕೆಲಸದ ನೆಪದಿಂದ ಆಚೆ ಹೋದರು. ಮೊದಲು ಮರದ ತುಂಡಿನಂತೆ ಮಲಗಿದ್ದ ನನ್ನಾಕೆ, ಸ್ವಲ್ಪ ಹೊತ್ತಿನ ಮೇಲೆ ಮಗ್ಗುಲಾದಳು. ಮತ್ತೆ ಆ ಕಡೆಗೆ ಹೊರಳಲು ಹೋಗಿ, “ಇದು ಬೇಡಮ್ಮ, ಗುಂಡಿಯ ಹಾಗೆ ಇಳಿಯುತ್ತೆ, ಹೊರಳುವುದಕ್ಕೇ ಕಷ್ಟ” ಎಂದಳು. ಹೀಗೆ ನಾಲ್ಕು ಹಾಸಿಗೆಗಳಾದ ಮೇಲೆ, ಎಲ್ಲಕ್ಕಿಂತ ದಪ್ಪವೂ ಅಲ್ಲದ, ಎಲ್ಲಕ್ಕಿಂತ ಬೆಲೆಯೂ ಅಲ್ಲದ ಒಂದನ್ನು ಅವಳೇ ಆರಿಸಿದಳು.

ಅಲ್ಲಿ ನಾನು ಕಂಡುಕೊಂಡ ಮೊದಲನೆಯ ಸೂತ್ರವಿದು: ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯದು. ಅದರ ಮೇಲೆ ಮಲಗತಕ್ಕವರು, ತಾವು ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ, ಹತ್ತು ನಿಮಿಷವಾದರೂ ಮಲಗಿ, ಹೊರಳಿ, ಎದ್ದು ನೋಡಬೇಕು. ಸಂಕೋಚಕ್ಕೆ ಅಲ್ಲಿ ಎಡೆಯಿಲ್ಲ.

ಸೊಂಟದ ನೋವಿಗೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಮದ್ದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಪೇನ್ ದೇಶದ ವೈದ್ಯರು ಬಹುಕಾಲದ ಸೊಂಟನೋವುಳ್ಳ ೩೧೩ ಮಂದಿಯನ್ನು ಎರಡು ಗುಂಪುಮಾಡಿ, ಕೆಲವರಿಗೆ ಗಟ್ಟಿಯಾದ, ಕೆಲವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಗಳನ್ನು ಕೊಟ್ಟು, ಮೂರು ತಿಂಗಳು ಪರೀಕ್ಷಿಸಿದರು. ಅದರ ಫಲವು ೨೦೦೩ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮಧ್ಯಮ ಗಟ್ಟಿತನದ ಹಾಸಿಗೆಯವರಿಗೇ ನೋವು ಹೆಚ್ಚಾಗಿ ಇಳಿದಿತ್ತು. ಅತಿಯಾದುದು ಇಲ್ಲಿಯೂ ವರ್ಜ್ಯವೆಂದಾಯಿತು.

ಎರಡನೆಯದು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಹಣದ ವಿಷಯದಲ್ಲಿ ಹಿತವಾದುದು. ಹಾಸಿಗೆಯ ಅಂಗಡಿಯೊಳಗೆ ಮಾತ್ರ ಅದನ್ನು ತಿರುವಿ ಹೇಳಬೇಕು: ಕಾಲು ಇದ್ದಷ್ಟು ಹಾಸಿಗೆಯನ್ನು ಕೊಳ್ಳಬೇಕು. ಸಿದ್ಧ ಹಾಸಿಗೆಗಳು ಸಾಮಾನ್ಯವಾಗಿ ೭೨, ೭೫, ೭೮ ಅಂಗುಲಗಳ ಉದ್ದದಲ್ಲಿ ದೊರೆಯುವುವು. ಮಲಗುವವರ ಎತ್ತರಕ್ಕಿಂತ ಐದಾರು ಅಂಗುಲ ಹೆಚ್ಚಿದ್ದರೆ ಸಾಕು. ಇದಕ್ಕಿಂತಲೂ ಮುಖ್ಯವಾದುದು ನೆಲದಿಂದ ಇರುವ ಎತ್ತರ. ಅಂಚಿನಲ್ಲಿ ಕುಳಿತಾಗ ಪಾದಗಳೆರಡೂ ನೆಲದ ಮೇಲೆ ಪೂರ್ತಿಯಾಗಿ ಊರಬೇಕು. ಹಾಸಿಗೆಯೂ ಸೇರಿ ಸುಮಾರು ೧೮ ಅಂಗುಲವೆಂದು ಇಟ್ಟುಕೊಳ್ಳಬಹುದು. ಗಿಡ್ಡಾದವರಿಗೆ ಇನ್ನೂ ಒಂದೆರಡು ಅಂಗುಲ ಕಡಮೆ. ಈಗಿನ ಮಂಚದ ಮೇಲೆ ಒಂದು ಅಡಿ ದಪ್ಪದ ಹಾಸಿಗೆಯನ್ನು ಹಾಕಿದರೆ, ಮುದುಕಿಯರು ಹತ್ತುವುದಕ್ಕೆ ಏಣಿ ಬೇಕಾಗುವುದು. ರಾತ್ರಿ ಅರೆನಿದ್ದೆಯಲ್ಲಿ ಇಳಿಯುವಾಗ ಬೀಳುವ ಭಯವೂ ಉಂಟು. ಹಾಗೆಂದು ಮೊಣಕಾಲು ನೋಯುವವರಿಗೆ ನೆಲದ ಚಾಪೆಯೂ ಸಲ್ಲದು.

ಮೂರನೆಯದು ಒಳಗಿನ ಸರಕು. ಅರಳೆಯ ಹಾಸಿಗೆಯು ನಮ್ಮ ಹವಕ್ಕೆ ಒಗ್ಗಿದುದು, ಬೆವರನ್ನು ಹೀರುವುದು, ಗಂಟುಕಟ್ಟಿದರೆ ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸಬಹುದು. ಬಿಲ್ಲಿನ ನಾದವನ್ನು ಮಾಡುತ್ತ ಬೀದಿಯಲ್ಲಿ ಬರುತ್ತಿದ್ದ ಪಿಂಜಾರರನ್ನು ನನ್ನ ವಯಸ್ಸಿನವರೆಲ್ಲರೂ ಬಲ್ಲರು. ಬೂರುಗದ ಅರಳೆಯು ಹಗುರವಾದುದು, ನೀರನ್ನು ಹಿಡಿಯದು. ದಿಂಬಿಗೆ ಅದು ಬಹಳ ಒಳ್ಳೆಯದು. ರಬ್ಬರಿನಿಂದ ಬೆಸೆದ ತೆಂಗಿನ ನಾರಿನ ಹಾಸಿಗೆಯೊಳಗೆ ಗಾಳಿಯಾಡುವುದು, ಗಟ್ಟಿತನವೂ ಇರುವುದು. ಯಾವುದಾದರೂ ಆಗಲಿ, ನಡುವೆ ತಗ್ಗುಬಿದ್ದ ದಿನ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯತಕ್ಕದ್ದು. ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳು ತೇವವನ್ನು ಆಶ್ರಯಿಸಿ ಬದುಕುವುವು. ಅವು ಉಬ್ಬಸಕ್ಕೂ ಸೀನಿಗೂ ಕಾರಣವಾಗಬಲ್ಲುವು. ಆದಕಾರಣ ಮಳೆಗಾಲ ಕಳೆದೊಡನೆ ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕುವ ಹಿರಿಯರ ಪದ್ಧತಿಯನ್ನು ಬಿಡಬಾರದು. ಮೇಲುಹಾಸು ದಿಂಬಿನ ಚೀಲಗಳನ್ನು ಚೆನ್ನಾಗಿ ಕಾದ ನೀರಿನಲ್ಲಿ ಒಗೆಯತಕ್ಕದ್ದು.

ದಿಂಬಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ತುದಿಗೂ ನಡುವಣ ಅಂತರವನ್ನು ತುಂಬುವಷ್ಟು ಎತ್ತರ ಬೇಕು; ಅಂಗಾತ ಮಲಗುವವರಿಗೆ ತೆಳುವಾದುದು ಸಾಕು. ಹಸುಗೂಸುಗಳಿಗಾದರೋ ದಿಂಬೇ ಬೇಡ. ತಲೆಯು ದುಂಡಗಾಗಲೆಂದು ಸಾಸಿವೆಯ ದಿಂಬನ್ನು ಇಡುವ ವಾಡಿಕೆ ನಮ್ಮಲ್ಲಿ ಇದೆ. ಆದರೆ ಒಂದು ವರ್ಷ ತುಂಬುವವರೆಗೆ ಮಗುವನ್ನು ಗಟ್ಟಿಯಾದ ಸಮತಟ್ಟಿನ ಹಾಸಿನ ಮೇಲೆ ಅಂಗಾತವಾಗಿಯೇ ಮಲಗಿಸಬೇಕೆಂದೂ, ಸುತ್ತಲೂ ಮೆತ್ತನೆಯ ಬಟ್ಟೆ ದಿಂಬುಗಳಿರಬಾರದೆಂದೂ ಶಿಶುವೈದ್ಯರು ವಿಧಿಸುತ್ತಾರೆ. ಉಸಿರುಕಟ್ಟುವ ಅಪಾಯವೇ ಇದಕ್ಕೆ ಕಾರಣ. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಹಗಲಿನಲ್ಲಿಯೇ ಕಚ್ಚುವುದರಿಂದ, ಮಗುವಿನ ಹಗಲುನಿದ್ದೆಗೂ ಸೊಳ್ಳೆಯ ಪರದೆ ಇರಲಿ.

ಇನ್ನು ಮನೆಯ ಹೊರಗಿನ ಶಯನದ ಮಾತು. ಹಿಂದೆ ಪ್ರಯಾಣವೆಂದರೆ ಹಾಸಿಗೆ ಸುತ್ತಿದ ಹೋಲ್ಡಾಲನ್ನು ಹೊತ್ತುಕೊಂಡೇ ಹೊರಡಬೇಕಾಗಿತ್ತು. ರೈಲಿನ ಎರಡನೆಯ ದರ್ಜೆಯಲ್ಲಿ ಬರಿಯ ಮರದ ಹಲಗೆಗಳಿರುತ್ತಿದ್ದುವು. ೧೯೭೭ರಿಂದ ೧೯೭೯ರವರೆಗೆ ರೈಲ್ವೆ ಮಂತ್ರಿಗಳಾಗಿದ್ದ ಮಧು ದಂಡವತೆಯವರು ಆ ಹಲಗೆಗಳಿಗೆ ಎರಡು ಅಂಗುಲದ ಮೆತ್ತೆಯನ್ನು ಹಾಕಿಸುವ ಕ್ರಮವನ್ನು ಕೈಗೊಂಡರು. ಎರಡೇ ಅಂಗುಲ! ಆದರೆ ಅದು ಮೊದಲನೆಯ ದರ್ಜೆಯವರಿಗೆ ಮೂರನೆಯ ಮೆತ್ತೆಯಾಗಿ ಹೋಗದೆ, ಒಂದೂ ಇಲ್ಲದವರಿಗೆ ಒದಗಿತು. ಗೃಹಸ್ಥರೂ ತಮ್ಮ ಮನೆಗಳಲ್ಲಿ ಅನುಸರಿಸಬಹುದಾದ ನೀತಿಯಿದು.

ಬಯಲಿನಲ್ಲಿ ಮಲಗುವಾಗ ಮೇಲಿನ ಹೊದಿಕೆಗಿಂತ ಕೆಳಗಿನ ಹಾಸು ಮುಖ್ಯ. ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯ ಸ್ಕೌಟು ಶಿಬಿರಕ್ಕೆ ಬಾಲಕರನ್ನು ಕರೆದೊಯ್ದಾಗ ಇದನ್ನು ಕಣ್ಣಾರೆ ಕಂಡೆನು. ಎರಡು ಕಂಬಳಿಗಳನ್ನೂ ಮೇಲೆ ಹೊದ್ದವರು ರಾತ್ರಿಯೆಲ್ಲ ನಡುಗಿದರು. ಒಂದನ್ನು ಹಾಸಿ ಒಂದನ್ನು ಹೊದ್ದವರು ಗೊರಕೆ ಹೊಡೆದರು. ದೇಹದ ಶಾಖವನ್ನು ನೆಲವು ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಮೊದಲು ತೇವವನ್ನು ತಡೆಯುವ ತಾಡಪಾಲು, ಅದರ ಮೇಲೆ ಚಾಪೆ ಅಥವಾ ಸುರುಳಿ ಸುತ್ತುವ ತೆಳ್ಳನೆಯ ಫೋಮು ಹಾಸು, ಆಮೇಲೆ ಕಂಬಳಿ, ಇದು ಕ್ರಮ. ಗಾಳಿ ತುಂಬುವ ಹಾಸಿಗೆಯು ಮೆತ್ತಗಿದ್ದರೂ, ಒಳಗೆ ಬೇರೆ ತಡೆಯಿಲ್ಲದಿದ್ದರೆ ಚಳಿಯನ್ನು ತಡೆಯದು. ಚಳ್ಳಕೆರೆಯ ಕಡೆ ಕುರುಬರು ನೇಯ್ದು, ಹುಣಿಸೆಬೀಜದ ಗಂಜಿ ಕೊಟ್ಟು ಬಿಗಿಮಾಡಿದ ಕರಿಯ ಕಂಬಳಿಯು ಮೈಗೆ ಒರಟಾದರೂ, ಹಾಸಲು, ಹೊದೆಯಲು, ತುಂತುರು ಮಳೆಗೆ ಕೊಪ್ಪೆಯಾಗಿ ಹಾಕಿಕೊಳ್ಳಲು ಒದಗುವುದು. ನಮ್ಮ ಬಿನ್ನಿ ಗಿರಣಿಯು ಮುಚ್ಚಿ, ಆ ನೆಲದಲ್ಲಿ ಬಹುಮಹಡಿಯ ಮನೆಗಳೆದ್ದ ಮೇಲೆ, ಊರಿನ ಉಣ್ಣೆಯ ಹೊದಿಕೆಗೆ ಉಳಿದಿರುವವರು ಇಂಥ ನೇಕಾರರೇ.

ಈಗಿನ ತರುಣರು ಬೆಟ್ಟಗಳಿಗೆ ಮಲಗುಚೀಲಗಳನ್ನು ಕೊಂಡೊಯ್ಯುತ್ತಾರೆ. ಯೂರೋಪಿನ ನಿಯಮದಂತೆ ಅಳೆದ ಚೀಲಗಳ ಮೇಲೆ ಶೈತ್ಯದ ಅಂಕಗಳು ಒಂದಕ್ಕಿಂತ ಹೆಚ್ಚಾಗಿರುವುವು. ‘ಸುಖ’ದ ಅಂಕವು ಸಾಮಾನ್ಯ ಸ್ತ್ರೀಯೊಬ್ಬಳು ಹಾಯಾಗಿ ಮಲಗಬಲ್ಲ ಉಷ್ಣಮಾನ, ‘ಮಿತಿ’ಯ ಅಂಕವು ಸಾಮಾನ್ಯ ಪುರುಷನೊಬ್ಬನು ಮುದುಡಿಕೊಂಡು ರಾತ್ರಿಯನ್ನು ಕಳೆಯಬಲ್ಲ ಉಷ್ಣಮಾನ. ಕೊಳ್ಳುವವರು ಸುಖದ ಅಂಕವನ್ನೇ ನೋಡಬೇಕು. ಸ್ತ್ರೀಗೆ ಬೆಚ್ಚಗಾದ ಚೀಲದೊಳಗೆ ಪುರುಷನಿಗೆ ಚಳಿಯಾಗದು. ಪುರುಷನು ಹೇಗೋ ಸಹಿಸಿದ ಚೀಲದಲ್ಲಿ ಸ್ತ್ರೀಯು ನಡುಗಬಹುದು. ಅಳತೆಗಾರರು ಕಂಡುಕೊಂಡ ಈ ಸಂಗತಿಯನ್ನು ನಾವು ಮನೆಯ ಹಾಸಿಗೆಗೂ ಅನ್ವಯಿಸಿಕೊಳ್ಳಬಹುದಾಗಿದೆ.

ಮನೆಗೆ ಹಾಸಿಗೆಯನ್ನು ಕೊಳ್ಳಹೊರಡುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಅಂಗಡಿಗೆ ಹೋಗುವ ಹಿಂದಿನ ರಾತ್ರಿ, ಮನೆಯವರೆಲ್ಲರೂ ಮಲಗಿದ ಮೇಲೆ, ಒಂದು ಸಲ ದೀಪ ಹಿಡಿದು ನೋಡಿ. ಯಾರ ಕೆಳಗೆ ಏನಿದೆ, ಯಾರ ಮೇಲೆ ಏನಿದೆ, ತಗ್ಗುಬಿದ್ದ ಹಾಸಿಗೆಯು ಯಾರ ಪಾಲಿಗೆ ಬಂದಿದೆ ಎಂಬುದನ್ನು ಎಣಿಸಿಕೊಳ್ಳಿ. “ನನಗೆ ಯಾವುದಾದರೂ ನಡೆಯುತ್ತೆ” ಎಂದು ಹೇಳತಕ್ಕವರು ಯಾರೋ ಅವರ ಅಳತೆಯನ್ನು ಮೊದಲು ತೆಗೆದುಕೊಂಡು ಹೊರಡಿ.