ಸಾಂತ್‌ಮಾರಿಯ ನೆಂಟರು

ಜನವರಿ ಬಂತೆಂದರೆ ಅತ್ತೂರಿನ ನಮ್ಮ ಮನೆಗಳಲ್ಲಿ ಮೊದಲು ನಡೆಯುತ್ತಿದ್ದುದು ಚಾಪೆಗಳ ಲೆಕ್ಕ. ಸಂತ ಲಾರೆನ್ಸರ ವಾರ್ಷಿಕ ಹಬ್ಬಕ್ಕೆ, ಊರವರ ಬಾಯಲ್ಲಿ ಸಾಂತ್‌ಮಾರಿಗೆ, ಯಾರೆಲ್ಲ ಬಂದು ಉಳಿಯುತ್ತಾರೆ, ಎಷ್ಟು ಅಕ್ಕಿ ಬೇಕು, ದೊಡ್ಡ ಪಾತ್ರೆ ಯಾರ ಮನೆಯಲ್ಲಿದೆ ಎಂದು ಹೆಂಗಸರು ಬೀಡಿ ಕಟ್ಟುತ್ತಲೇ ಮಾತಾಡಿಕೊಳ್ಳುತ್ತಿದ್ದರು.

ಚರ್ಚಿನ ಸುದ್ದಿ ಆಗ ನಮಗೆ ಸಿಗುತ್ತಿದ್ದುದು ಎರಡು ಕಡೆಯಿಂದ. ಒಂದು, ಭಾನುವಾರದ ಪೂಜೆಯ ಕೊನೆಗೆ ಚರ್ಚಿನ ಮುಖ್ಯ ಗುರುಗಳಾದ ವಿಗಾರರು ಓದುತ್ತಿದ್ದ ಪ್ರಕಟಣೆ: ಯಾರ ಮದುವೆ ಗೊತ್ತಾಗಿದೆ, ಯಾರ ವರ್ಷಾಂತಿಕದ ಪೂಜೆ, ಯಾವ ವಾಡೆಯ, ಅಂದರೆ ಚರ್ಚಿನ ಯಾವ ವಾರ್ಡಿನವರಿಗೆ ಅಂಗಳ ಗುಡಿಸುವ ಸರದಿ. ಇನ್ನೊಂದು, 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’. ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಅಜ್ಜಿಯರಿಗೆ ಅದನ್ನು ಓದಿ ಹೇಳುವ ಕೆಲಸ ಮಕ್ಕಳದು. ಮುಂಬೈಗೆ ದುಡಿಯಲು ಹೋದವರಿಗೂ ಊರಿನ ಸಮಾಚಾರ ಅದರಲ್ಲೇ ಮುಟ್ಟುತ್ತಿತ್ತು.

ಹಬ್ಬ ಹತ್ತಿರವಾದಂತೆ ವಾಡೆಯ ಮುಖಂಡರಾದ ಗುರ್ಕಾರರು ಮನೆಮನೆಗೆ ಬಂದು ಕೆಲಸ ಹಂಚುತ್ತಿದ್ದರು. ಚಪ್ಪರಕ್ಕೆ ಕೆಲವರು, ಮೇಣದ ಬತ್ತಿಯ ಮೇಜಿಗೆ ಕೆಲವರು, ಕುಡಿಯುವ ನೀರಿಗೆ ನಾವು ಹುಡುಗರು. ಬಳೆ, ಬಲೂನು, ಚುರುಮುರಿಯ ಅಂಗಡಿಗಳ ಕಡೆಗೆ ಕಣ್ಣು ಹೋದರೂ ಕೊಡಪಾನ ಬಿಟ್ಟು ಹೋಗುವಂತಿರಲಿಲ್ಲ.

ಜನವೋ ಜನ. ಕೊಂಕಣಿಯಲ್ಲೊಂದು ಪೂಜೆ, ಕನ್ನಡದಲ್ಲೊಂದು ಪೂಜೆ, ಹೊರಗೆ ತುಳುವಿನಲ್ಲಿ ಮಾತುಕತೆ. ಹಿಂದೂಗಳು, ಜೈನರು, ಮುಸ್ಲಿಮರು ನಮ್ಮವರೊಡನೆ ಅದೇ ಸಾಲಿನಲ್ಲಿ ನಿಂತು ಹರಕೆ ಸಲ್ಲಿಸುತ್ತಿದ್ದರು. ಹಿರಿಯರು ಅವರಿಗೆಲ್ಲ ಸಂತರ ಮೂರ್ತಿಯ ಕಥೆ ಹೇಳುತ್ತಿದ್ದರು. 1759ರ ಹೊತ್ತಿಗೇ ಇಲ್ಲಿ ಇಗರ್ಜಿ, ಅಂದರೆ ಚರ್ಚು, ಇತ್ತು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದೊಯ್ದ ಕಾಲದಲ್ಲಿ ಅದು ಹಾಳಾಯಿತು. ಸೆರೆ ಕಳೆದು ಬಂದ ಮೇಲೆ, ಕೆಲವು ಕಾಲ ಕಳೆದು, ಹೊಸ ಇಗರ್ಜಿಗೆ ಜಾಗ ಹುಡುಕುತ್ತ ಹೊರಟವರು ಸಂತರ ಪುಟ್ಟ ಮರದ ಮೂರ್ತಿಯನ್ನು ಗುಡ್ಡದ ಬುಡದ ಒರತೆಯ ಬಳಿ ಇಳಿಸಿದರಂತೆ. ಮತ್ತೆ ಎತ್ತಹೋದರೆ ಅದು ಅಲುಗಲಿಲ್ಲ. ಇಲ್ಲೇ ನಿನಗೆ ಮನೆ ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲಷ್ಟೇ ಕೈಗೆ ಬಂತಂತೆ.

ಹಬ್ಬದಲ್ಲಿ ರೋಗಿಗಳಿಗಾಗಿಯೇ ಮೀಸಲಾದ ಪ್ರಾರ್ಥನೆಯಿರುತ್ತಿತ್ತು. ನಡೆಯಲಾರದವರನ್ನು ಮನೆಯವರು ಎತ್ತಿಕೊಂಡು ಬರುತ್ತಿದ್ದರು. ಮೆಟ್ಟಿಲ ಬಳಿ ಅವರ ಕೈ ಹಿಡಿಯಲು, ಬಾಯಿಗೆ ನೀರು ಕೊಡಲು ನಮ್ಮನ್ನು ನಿಲ್ಲಿಸುತ್ತಿದ್ದರು. ಯಾವ ಜಾತಿ, ಯಾವ ಊರು ಎಂದು ಕೇಳದೆ ಮೈಮುಟ್ಟಿ ಸೇವೆ ಮಾಡುವುದನ್ನು ನಾವು ಕಲಿತದ್ದು ಅಲ್ಲೇ. ಲಾರೆನ್ಸರು ರೋಮಿನ ಧರ್ಮಸಭೆಯಲ್ಲಿ ಬಡವರ ಹೊಣೆ ಹೊತ್ತಿದ್ದ ಸೇವಕರು. ಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಅಧಿಕಾರಿ ಆಜ್ಞಾಪಿಸಿದಾಗ ಬಡವರನ್ನೂ ರೋಗಿಗಳನ್ನೂ ಕರೆತಂದು ತೋರಿಸಿದರೆಂಬುದು ಅವರ ಕಥೆ. ಕ್ರಿ.ಶ. 258ರಲ್ಲಿ ಅವರು ಪ್ರಾಣ ತೆತ್ತರು. ಪ್ರತಿ ವರ್ಷದ ಪ್ರವಚನದಲ್ಲೂ ಕೇಳುತ್ತಿದ್ದ ಆ ಕಥೆ ನಮಗೆ ಅರ್ಥವಾಗುತ್ತಿದ್ದುದು ಆ ಮೆಟ್ಟಿಲ ಬಳಿಯಲ್ಲಿ.

ಊರವರಾದ ನಮಗೆ ಮೂರ್ತಿಯ ಮುಂದೆ ಮಂಡಿಯೂರಲು ಬಿಡುವು ಸಿಗುತ್ತಿದ್ದುದು ಬಂದವರೆಲ್ಲ ಹೋದ ಮೇಲೆಯೇ. ಅದಕ್ಕಾಗಿ ಯಾರೂ ಬೇಸರಪಟ್ಟದ್ದು ನೆನಪಿಲ್ಲ. ಕ್ಷೇತ್ರದಲ್ಲಿ ಹುಟ್ಟಿದವನಿಗೆ ಬಂದವರ ಉಪಚಾರವೇ ಪ್ರಾರ್ಥನೆ ಎಂದು ಹಿರಿಯರು ನಂಬಿದ್ದರು, ಹಾಗೆಯೇ ಬದುಕಿದರು.

2012ರಲ್ಲಿ ಅತ್ತೂರು ಹೊಸ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿತು. 2016ರಲ್ಲಿ ನಮ್ಮ ಇಗರ್ಜಿ ಬೆಸಿಲಿಕಾ ಆಯಿತು. ಹಬ್ಬದ ಪೂಜೆಯನ್ನು ಈಗ ದೂರದೇಶದಲ್ಲಿದ್ದವರೂ ಮೊಬೈಲಿನಲ್ಲಿ ನೋಡುತ್ತಾರೆ, ಸಂತೋಷ. ಆದರೆ ನನ್ನ ಜೊತೆ ಕೊಡಪಾನ ಹೊತ್ತ ಗೆಳೆಯರೇ, ಗಲ್ಫಿನಲ್ಲಿರಲಿ, ಮುಂಬೈಯಲ್ಲಿರಲಿ, ಈ ಜನವರಿಗೆ ರಜೆ ಹಾಕಿ ಬನ್ನಿ. ಮಕ್ಕಳನ್ನೂ ಕರೆತನ್ನಿ. ಸ್ವಯಂಸೇವಕರ ಪಟ್ಟಿಯಲ್ಲಿ ಅವರ ಹೆಸರು ಬರೆಸೋಣ.